ಶರಣವ್ವನ ರಬ್ಬರ್ ಬಳೆ

ಇಂಡಿ ತಾಲೂಕಿನಿಂದ ಧಾರಾವಿಗೆ ಬಂದ ವರ್ಷವೇ ಶರಣವ್ವನಿಗೆ ಐದನೆಯ ಹೆರಿಗೆಯಾಯಿತು. ಕೂಸು ಉಳಿಯಲಿಲ್ಲ. ಹಿಂದಿನ ನಾಲ್ಕರಲ್ಲಿ ಬದುಕಿದ್ದವಳು ಹನ್ನೊಂದು ವರ್ಷದ ನಿಂಬೆವ್ವ ಒಬ್ಬಳೇ. ಬಾಣಂತನ ಮಾಡುವವರು ಯಾರೂ ಇರಲಿಲ್ಲ. ಹನ್ನೆರಡನೆಯ ದಿನಕ್ಕೇ ಕೊಡ ಹೊತ್ತು ನಲ್ಲಿಯ ಸಾಲಿನಲ್ಲಿ ನಿಂತಳು. ತಿಂಗಳು ತುಂಬುವಷ್ಟರಲ್ಲಿ ಗರ್ಭಕೋಶ ಕೆಳಗೆ ಜಾರಿತು.

ಗಂಡ ದಾನಪ್ಪ ಚರ್ಮ ಹದಮಾಡುವ ಕಾರ್ಖಾನೆಯಲ್ಲಿ ಸುಣ್ಣದ ಗುಂಡಿಯಿಂದ ತೊಗಲು ಎಳೆಯುವ ಆಳು. ಒಂದು ದಿನ ರಜೆ ಹಾಕಿ ಅವಳನ್ನು ದವಾಖಾನೆಗೆ ಕರೆದೊಯ್ದ. ಹೆಂಗಸರ ವಾರ್ಡಿಗೆ ಅವನನ್ನು ಬಿಡಲಿಲ್ಲ. ಒಳಗೆ ಮರಾಠಿ ಡಾಕ್ಟರೊಬ್ಬರು ಜಾರಿದ ಗರ್ಭಕೋಶವನ್ನು ಎತ್ತಿ ಹಿಡಿಯಲು ಬಳೆಯಂಥ ರಬ್ಬರ್ ಸುತ್ತೊಂದನ್ನು ಅವಳ ಯೋನಿಯೊಳಗೆ ಕೂರಿಸಿ, ಏನೋ ಹೇಳಿ, ಮೂರು ಬೆರಳು ತೋರಿಸಿ, ಮುಂದಿನವಳನ್ನು ಕರೆದರು.

“ಏನಂದ್ರು?” ಹೊರಗೆ ದಾನಪ್ಪ ಕೇಳಿದ.

“ತೀನ ಮಹಿನಾ ಅಂದ್ರು. ಮೂರು ತಿಂಗಳಕ್ಕ ಮೈಗೆ ಹೊಂದತೈತಿ ಅಂತ ಕಾಣಸ್ತೈತಿ.”

ಅದು ೧೯೫೧ನೆಯ ಇಸವಿ. ಮೂರು ತಿಂಗಳಿಗೆ ನಿಜವಾಗಿಯೂ ಹೊಂದಿತು. ನೀರು ಹೊತ್ತಳು, ರೊಟ್ಟಿ ಬಡಿದಳು, ಒಳಗೊಂದು ಬಳೆಯಿದೆ ಎಂಬುದನ್ನೇ ಮರೆತಳು.

ನಾಲ್ಕನೆಯ ವರ್ಷ ವಾಸನೆ ಶುರುವಾಯಿತು. ಮೊದಮೊದಲು ಸೀರೆ ಒಗೆಯುವಾಗ ಅವಳಿಗಷ್ಟೇ ತಿಳಿಯುತ್ತಿತ್ತು. ಆಮೇಲೆ ಹಳದಿ ನೀರು, ಕೀವು. ತೊಗಲಿನ ನಾತವನ್ನೇ ಉಸಿರಾಡುವ ಓಣಿಯಲ್ಲಿ ತನ್ನದೊಂದು ಯಾರ ಮೂಗಿಗೆ ಬಿದ್ದೀತು ಎಂದುಕೊಂಡಿದ್ದಳು. ಬಿತ್ತು. ನಲ್ಲಿಯ ಹತ್ತಿರ ಹೆಂಗಸರು ಅವಳ ಹಿಂದೆ ಒಂದು ಮಾರು ಜಾಗ ಬಿಟ್ಟು ನಿಲ್ಲತೊಡಗಿದರು. “ಹೆಣ್ಣಾದಾಕಿ ಮೈ ಸ್ವಚ್ಛ ಇಟಗೋಬೇಕವ್ವಾ,” ಎಂದಳು ಒಬ್ಬ ಮುದುಕಿ, ಎಲ್ಲರಿಗೂ ಕೇಳುವಂತೆ.

ಶರಣವ್ವ ದಿನಕ್ಕೆ ಎರಡು ಸಲ ಮಿಂದಳು. ಬೇವಿನ ಕಷಾಯದಲ್ಲಿ ತೊಳೆದಳು, ಪಟಿಕದ ನೀರಲ್ಲಿ ತೊಳೆದಳು. ಕಡೆಗೆ ಬಟ್ಟೆಗೆ ಹಾಕುವ ಸೋಡಾ ಕಲಸಿ ಒಳಗೇ ಹೊಯ್ದುಕೊಂಡಳು. ಉರಿ ತಾಳಲಾರದೆ ಸೆರಗು ಕಚ್ಚಿ ಕೂತಳು. ವಾಸನೆ ಹೆಚ್ಚಿತೇ ಹೊರತು ತಗ್ಗಲಿಲ್ಲ. ದಾನಪ್ಪ ಒಂದು ಮಾತೂ ಕೇಳದೆ ತನ್ನ ಹಾಸಿಗೆಯನ್ನು ಹೊರಗಿನ ಕಟ್ಟೆಗೆ ಒಯ್ದ. ಬೈದಿದ್ದರೆ ವಾಸಿಯಿತ್ತು ಅನ್ನಿಸಿತು ಅವಳಿಗೆ.

ನಿಂಬೆವ್ವನಿಗೆ ಹದಿನೇಳು ತುಂಬಿತು. ಹೆಣ್ಣು ನೋಡಲು ಬಂದವರಲ್ಲಿ ಹುಡುಗನ ಸೋದರತ್ತೆ ಚಹಾ ಬರುವ ಮೊದಲೇ ಮೂಗಿಗೆ ಸೆರಗು ಹಿಡಿದು ಎದ್ದಳು. ‘ಹುಡುಗಿ ಚಲೋ ಅದಾಳ, ತಾಯಿಗೆ ಏನೋ ಹೊಲಸು ರೋಗ ಐತಿ’ ಎಂದು ಸುದ್ದಿ ಬಂತು. ನಿಂಬೆವ್ವ ಅಳಲಿಲ್ಲ. ಮರುದಿನ ಬೆಳಿಗ್ಗೆ ತಾಯಿಯ ಕೈ ಹಿಡಿದು ದವಾಖಾನೆಗೆ ಎಳೆದೊಯ್ದಳು.

ಅಲ್ಲಿ ಮೈಸೂರು ಕಡೆಯ ಕೌಸಲ್ಯಾ ಎಂಬ ಡಾಕ್ಟರಿದ್ದರು. ಪರೀಕ್ಷೆ ಮಾಡುತ್ತಾ ಅವರ ಮುಖ ಗಂಭೀರವಾಯಿತು.

“ಏನಮ್ಮ, ಈ ರಿಂಗ್ ಹಾಕಿ ಎಷ್ಟು ದಿನ ಆಯ್ತು?”

“ಆರು ವರ್ಷ ಆತ್ರೀ.”

“ಆರು ವರ್ಷ! ಮೂರು ತಿಂಗಳಿಗೊಂದು ಸಲ ತೆಗೆದು, ತೊಳೆದು, ಮತ್ತೆ ಹಾಕ್ಬೇಕು ಇದನ್ನ. ಯಾರೂ ಹೇಳ್ಲಿಲ್ವೆ?”

ಶರಣವ್ವನಿಗೆ ಆ ಮೂರು ಬೆರಳು ಕಣ್ಣಿಗೆ ಕಟ್ಟಿದವು. “ಹೇಳಿದ್ರರೀ ಅಕ್ಕಾರ. ನನಗ ತಿಳೀಲಿಲ್ಲ. ಸೋಡಾ ಹಾಕಿ ತೊಳದ್ರೂ ನಾತ ಹೋಗವಲ್ದು. ಓಣಿ ಮಂದಿ ಹೊಲಸ ಹೆಂಗಸು ಅಂತಾರರೀ ನನಗ.”

“ನೀವು ಕೊಳಕಲ್ಲಮ್ಮ. ರಬ್ಬರ್ ಒತ್ತಿ ಗಾಯವಾಗಿ ಕೀವು ತುಂಬಿದೆ, ವಾಸನೆ ಅದರದ್ದು. ಸೋಡಾ ಇನ್ನಷ್ಟು ಸುಟ್ಟಿದೆ. ಒಳಗೆ ಏನೂ ಹಾಕಿ ತೊಳೀಬಾರದು, ಹೊರಗಡೆ ಬರೀ ನೀರು ಸಾಕು. ವಾಸನೆ ಶುರುವಾದಾಗಲೇ ಬರೋದಲ್ವೆ?”

“ಇಂಥಾದ್ದು ಯಾರ ಮುಂದ ಹೇಳೂದ್ರೀ?”

ಕೌಸಲ್ಯಾ ನರ್ಸನ್ನು ಕರೆದು ಆಪರೇಷನ್ನಿಗೆ ಅಣಿಮಾಡಲು ಹೇಳಿದರು.

ಜ್ಞಾನ ತಪ್ಪಿಸಿ ಬಳೆಯನ್ನು ಕತ್ತರಿಸಿ ತೆಗೆದರು. ನಾಲ್ಕೇ ದಿನದಲ್ಲಿ ನಾತ ಹೋಯಿತು. ಶರಣವ್ವ ತನ್ನ ಸೀರೆಯನ್ನು ತಾನೇ ಮೂಸಿ ನೋಡಿ ಮಗಳ ಮುಂದೆ ನಕ್ಕಳು. ಆರನೆಯ ದಿನ ಎಚ್ಚರಾದಾಗ ಹಾಸಿಗೆ ಒದ್ದೆಯಾಗಿತ್ತು. ರಬ್ಬರು ಮೂತ್ರಕೋಶದ ಗೋಡೆಯವರೆಗೂ ಕೊರೆದಿತ್ತು; ಕೊಳೆತ ಮಾಂಸ ಕಳಚಿ ತೂತು ಬಿದ್ದಿತ್ತು. ಅಂದಿನಿಂದ ಮೂತ್ರ ಹಗಲಿರುಳು ತಾನಾಗಿ ಸೋರಿತು.

ಎರಡು ಸಲ ಹೊಲಿದರು, ಎರಡು ಸಲವೂ ಬಿಚ್ಚಿಕೊಂಡಿತು. “ಇನ್ನು ಹೊಲಿಗೆ ಹಿಡಿಯೋಕೆ ಅಲ್ಲಿ ಗಟ್ಟಿ ಮಾಂಸ ಉಳಿದಿಲ್ಲಮ್ಮ,” ಎಂದರು ಕೌಸಲ್ಯಾ, ಅವಳ ಕೈ ಹಿಡಿದುಕೊಂಡೇ.

ಮುಂದಿನ ವರ್ಷ ನಿಂಬೆವ್ವನಿಗೆ ಊರ ಕಡೆಯ ಸಂಬಂಧ ಕೂಡಿಬಂತು. ಲಗ್ನ ಇಂಡಿಯಲ್ಲಿ.

“ರೈಲಿನ ಡಬ್ಬಿಯಾಗ ಮಂದಿ ನಡುವ ಹೆಂಗ ಕುಂದರ್ಲಿ? ನೀವಷ್ಟ ಹೋಗಿಬರ್ರಿ,” ಎಂದಳು ಶರಣವ್ವ. ದಾನಪ್ಪ ನೆಲ ನೋಡುತ್ತಾ, “ಆತು,” ಎಂದ. ಒತ್ತಾಯ ಮಾಡಲಿಲ್ಲ.

ಹೊರಡುವಾಗ ಕಾಲಿಗೆ ಬಿದ್ದು ಎದ್ದ ಮಗಳು ತಬ್ಬಿಕೊಳ್ಳಲು ಬಂದಳು. “ದೂರ ನಿಲ್ಲು, ಹೊಸಾ ಸೀರಿ ಐತಿ,” ಎಂದು ಅವಳನ್ನು ತಡೆದಳು. ಆಮೇಲೆ ದನಿ ತಗ್ಗಿಸಿ, “ಕೆಳಗ ಏನರ ತ್ರಾಸ ಆದ್ರ ನಾಚಿ ಕುಂದರಬ್ಯಾಡ. ಡಾಕ್ಟರ್ ಮಾತು ತಿಳೀಲಿಲ್ಲಂದ್ರ ತಿಳಿಯೂತನಕ ಕೇಳು,” ಎಂದಳು.

೧೯೫೯ರ ಮಳೆಗಾಲದಲ್ಲಿ ಮೂತ್ರಪಿಂಡಕ್ಕೆ ನಂಜೇರಿ ಶರಣವ್ವ ತೀರಿಕೊಂಡಳು. ನಲವತ್ತೊಂದು ತುಂಬಿರಲಿಲ್ಲ. ಸುದ್ದಿಯ ಕಾಗದ ನಿಂಬೆವ್ವನ ಊರು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದು ವಾರವಾಗಿತ್ತು.