ದೀಪದ ಕೋಣೆಯ ತೊಟ್ಟಿಲು

ರೈಲ್ವೆಯಲ್ಲಿದ್ದ ಗಂಡ ತೀರಿಕೊಂಡು, ಅಲ್ಲೇ ಟಿಕೆಟ್ ಕೊಡುವ ಕೆಲಸ ನಮ್ಮ ಚಿಕ್ಕಮ್ಮನಿಗೆ ಸಿಕ್ಕಾಗ ಕೈಯಲ್ಲಿ ಹಸುಗೂಸು. ಸ್ಟೇಷನ್ನಿನಲ್ಲಿದ್ದದ್ದು ಒಂದೇ ಪ್ಲಾಟ್‌ಫಾರ್ಮ್, ಟಿಕೆಟ್ ಕೋಣೆ, ಅದಕ್ಕಂಟಿಕೊಂಡ ದೀಪದ ಕೋಣೆ. ಹಿಂದೆ ಸಿಗ್ನಲ್ಲಿನ ಸೀಮೆಎಣ್ಣೆ ದೀಪಗಳನ್ನು ಅಲ್ಲಿಡುತ್ತಿದ್ದರು. ಕರೆಂಟು ಬಂದ ಮೇಲೆ ಬೀಗ ಬಿದ್ದಿತ್ತು. ಸ್ಟೇಷನ್ ಮಾಸ್ಟರು ಅದನ್ನು ತೆಗೆಸಿ, ಸುಣ್ಣ ಬಳಿಸಿ, ದೀಪದ ಕೊಕ್ಕೆಗೆ ತೊಟ್ಟಿಲು ಕಟ್ಟಿಸಿದರು.

“ಮೇಲಿನೋರು ಕೇಳಿದ್ರೆ ಏನ್ ಹೇಳ್ತೀರಿ ಸಾರ್?” ಎಂದಳು ಚಿಕ್ಕಮ್ಮ.

“ದೀಪ ಇಟ್ಟಿದೀವಿ ಅಂತೀನಿ. ಮಗು ಅತ್ರೆ ನೀನು ಎದ್ದು ಹೋಗಮ್ಮ, ಟಿಕೆಟ್ ನಾನ್ ಕೊಡ್ತೀನಿ.”

ಎಷ್ಟೋ ವರ್ಷಗಳ ಮೇಲೆ, ನಿವೃತ್ತಳಾದ ದಿನ ಚಿಕ್ಕಮ್ಮ ಆ ತೊಟ್ಟಿಲಲ್ಲಿ ಬೆಳೆದ ಮಗಳನ್ನು ಕರೆದುಕೊಂಡು, ಈಗ ಮುದುಕರಾಗಿದ್ದ ಆ ಸ್ಟೇಷನ್ ಮಾಸ್ಟರ ಮನೆಗೆ ಹೋದಳು.

“ನಿಮ್ಮಿಂದ ನಮ್ಮನೆ ಒಲೆ ಆರಲಿಲ್ಲ ಸಾರ್” ಎಂದಳು.

ಅವರು ಮಗಳ ಕಡೆ ನೋಡಿ, “ಕೂತ್ಕೋಮ್ಮ, ಇಬ್ರೂ ಊಟ ಮಾಡ್ಕೊಂಡೇ ಹೋಗ್ಬೇಕು” ಎಂದರು.