ಕೆಂಪಣ್ಣನ ಮೋಟಾರಿನ ನಲವತ್ತೇಳು ಸುತ್ತು

ಜೂನ್ 14, ಭಾನುವಾರ, ಬೆಳಿಗ್ಗೆ 7.10. ಕೊಯಮತ್ತೂರು.

ನಿನ್ನೆ ಮಧ್ಯಾಹ್ನ ನಮ್ಮ ಮೇಸ್ತ್ರಿಯ ಬಾಯಲ್ಲಿ ನನ್ನ ಊರಿನ ಹೆಸರು ಬಂತು. ನಾನಿಲ್ಲಿಗೆ ಬಂದು ನಾನೂರ ಎರಡು ದಿನ. ಬಿಳಿಕೆರೆ ಎಂದು ಇಲ್ಲಿ ಯಾರೂ ಅಂದದ್ದನ್ನು ಕೇಳಿರಲಿಲ್ಲ. ಊರು ಕೇಳಿದವರಿಗೆ ಮೈಸೂರು ಎಂದು ಹೇಳಿ ಸುಮ್ಮನಾಗುತ್ತಿದ್ದೆ. ಮೇಸ್ತ್ರಿ ಫೋನಿನಲ್ಲಿ ತಮ್ಮ ಗೆಳೆಯರಿಗೆ, ಬಿಳಿಕೆರೆಯ ಒಂದು ಬಾವಿಯ ಹತ್ತಿರ ಕರೆಂಟು ಎಷ್ಟು ವೋಲ್ಟ್ ಬರುತ್ತದೆಂದು ತಮಿಳಿನಲ್ಲಿ ವಿವರಿಸುತ್ತಿದ್ದರು. ನಾನು ಸುತ್ತುತ್ತಿದ್ದ ತಂತಿಯ ಎಣಿಕೆ ತಪ್ಪಿತು.

ಸುಟ್ಟ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತುವುದನ್ನು ಕಲಿಯಲು ಬಂದವನು ನಾನು. ನಮ್ಮೂರಲ್ಲಿ ಮೋಟಾರು ಸುಟ್ಟರೆ ಬಸ್ಸಿಗೆ ಹಾಕಿಕೊಂಡು ಹುಣಸೂರಿಗೆ ಹೋಗಬೇಕು. ಇಲ್ಲಿ ನಮ್ಮ ಒಂದು ಬೀದಿಯಲ್ಲೇ ಹದಿನಾಲ್ಕು ವೈಂಡಿಂಗ್ ಅಂಗಡಿಗಳಿವೆ, ಎಣಿಸಿದ್ದೇನೆ. ಕಲಿತು ಹಿಂದಿರುಗಿ, ಬಿಳಿಕೆರೆಯ ಹೆದ್ದಾರಿ ಪಕ್ಕದಲ್ಲಿ ಊರಿನ ಮೊದಲ ವೈಂಡಿಂಗ್ ಅಂಗಡಿ ನಾನೇ ಇಡಬೇಕು ಎಂಬ ಒಂದೇ ಆಸೆಯಿಂದ ಅಂಗಡಿಯ ಮೇಲಿನ ತಗಡಿನ ಕೋಣೆಯಲ್ಲಿ ಮೂವರ ಜೊತೆ ಮಲಗುತ್ತಿದ್ದೇನೆ.

ಮೊದಲ ತಿಂಗಳು ಯಾರು ಎದುರಾದರೂ 'ಸಾಪ್ಟೀಂಗಳಾ' ಎನ್ನುತ್ತಿದ್ದರು. ಊಟವಾಯಿತೆ ಎಂದರ್ಥ. ಊಟಕ್ಕೆ ಕರೆಯುತ್ತಿದ್ದಾರೆಂದು ಎರಡು ಸಲ ಹಿಂದೆಯೇ ಹೋಗಿ ನಗೆಪಾಟಲಾದೆ. ಬೀದಿ ಕೊನೆಯ ಗಾಡಿಯಲ್ಲಿ 'ಕಳಿ' ಸಿಗುತ್ತದೆ, ಅದು ನಮ್ಮ ರಾಗಿಮುದ್ದೆಯೇ. ಆದರೆ ಜೊತೆಗೆ ಬಸ್ಸಾರು ಇರುವುದಿಲ್ಲ. ನನ್ನ ಪುಸ್ತಕದಲ್ಲಿ ಈಗ 611 ತಮಿಳು ಪದಗಳಿವೆ. ಬಾಯಿಂದ ಹೊರಡುವುದು ನಲವತ್ತು.

ಫೋನಿನ ಲೆಕ್ಕವೂ ಅಷ್ಟೇ. ನೋಡಿದ ವೈಂಡಿಂಗ್ ವಿಡಿಯೊಗಳು 318. ನಾಲ್ಕು ರಾಜ್ಯಗಳ ವೈಂಡರುಗಳಿರುವ ಗ್ರೂಪಿನಲ್ಲಿ ಹನ್ನೊಂದು ತಿಂಗಳಿಂದ ಇದ್ದೇನೆ. ಕೇಳಿದ ಪ್ರಶ್ನೆ ಒಂದೂ ಇಲ್ಲ. ಗೊತ್ತಿಲ್ಲದವನೆಂದು ನಾಲ್ಕು ಜನಕ್ಕೆ ತಿಳಿಯುವುದು ನನಗೆ ಬೇಡವಾಗಿತ್ತು.

ಅದೇ ಗ್ರೂಪಿಗೆ ಜನವರಿಯಲ್ಲಿ ನನ್ನ ಸೋದರತ್ತೆಯ ಮಗ ಸಿದ್ದರಾಜು ಸೇರಿದ. ನನಗಿಂತ ಒಂದು ವರ್ಷಕ್ಕೆ ಚಿಕ್ಕವನು, ಊರಲ್ಲೇ ಟ್ರ್ಯಾಕ್ಟರ್ ಓಡಿಸಿಕೊಂಡಿದ್ದವನು. ಒಂದು ವಿಡಿಯೊ ನೋಡುವುದು, ನಿಲ್ಲಿಸುವುದು, ಮನೆಯ ಹಳೆಯ ಮೋಟಾರು ಬಿಚ್ಚಿ ಅಷ್ಟನ್ನೇ ಮಾಡುವುದು, ಫೋಟೊ ಹಾಕಿ ಎಲ್ಲಿ ತಪ್ಪಿತೆಂದು ಕೇಳುವುದು. ಇದು ಮೋಟಾರೋ ಹಕ್ಕಿಗೂಡೋ ಎಂದು ಯಾರೋ ಗೇಲಿ ಮಾಡಿದರು. ಅವನು ಕೈಮುಗಿದ ಚಿತ್ರ ಹಾಕಿ ಮುಂದಿನ ಪ್ರಶ್ನೆ ಕೇಳಿದ. ಐದು ತಿಂಗಳಲ್ಲಿ ಮೂವತ್ತಾರು ಪ್ರಶ್ನೆ. ನಾನು ಊರು ಬಿಟ್ಟು ಬಂದದ್ದನ್ನು ಅವನು ಜಗಲಿಯ ಮೇಲೆ ಕೂತು ಕಲಿಯುತ್ತಿದ್ದ. ಒಂದೊಂದು ಫೋಟೊ ಬಂದಾಗಲೂ ನನ್ನ ಹೊಟ್ಟೆ ಉರಿಯುತ್ತಿತ್ತು.

ಮೇ 28ರಂದು, ನಮ್ಮೂರಿನ ಕೆಂಪಣ್ಣನ ಬಾವಿಗೆ ತಾನೇ ತಂತಿ ಸುತ್ತಿದ ಮೋಟಾರಿನ ಫೋಟೊ ಹಾಕಿದ. ಒಂದೊಂದು ತಂತಿಸುರುಳಿಗೆ 47 ಸುತ್ತು ಎಂದು ಬರೆದಿದ್ದ. ನಾವಿಲ್ಲಿ ಅಂಥ ಮೋಟಾರಿಗೆ ಹಾಕುವುದು 52. ಆ ದಿನದ ಪುಟದಲ್ಲಿ ಬರೆದುಕೊಂಡೆ: 'ಐದು ಸುತ್ತು ಕಡಿಮೆ. ಸುಡುತ್ತದೆ. ಹೇಳಲಿಲ್ಲ.'

ಆಮೇಲೆ ದಿನವೂ ಅವ್ವನಿಗೆ ಫೋನು ಮಾಡಿ, ಕೆಂಪಣ್ಣನ ಬಾವಿ ಓಡುತ್ತಿದೆಯೇ ಎಂದು ಕೇಳತೊಡಗಿದೆ. ಆತ ಆಗಷ್ಟೇ ಮೆಣಸಿನ ಸಸಿ ನಾಟಿ ಮಾಡಿದ್ದ. ನೀರು ನಿಂತರೆ ಸಸಿ ಒಣಗುತ್ತದೆಂದು ಗೊತ್ತಿದ್ದೂ, ಸುಟ್ಟಿತು ಎಂಬ ಮಾತಿಗಾಗಿ ಹದಿನಾರು ದಿನ ಕಾದೆ. ಅದು ಓಡುತ್ತಲೇ ಇತ್ತು.

"ಅದ್ಯಾಕ್ಲಾ ದಿನಾ ಕೆಂಪಣ್ಣನ ಮೋಟ್ರು ಕೇಳ್ತೀಯ?" ಎಂದಳು ಅವ್ವ. "ನನ್ನ ಮಂಡಿನೋವು ಎಂಗೈತೆ ಅಂತ ಒಂದಿನ ಕೇಳ್ಲಿಲ್ವಲ್ಲ."

ನಿನ್ನೆ ಮೇಸ್ತ್ರಿ ಫೋನಿಟ್ಟ ಮೇಲೆ ವಿಷಯ ತಿಳಿಯಿತು. ಅವರೂ ಬೇರೊಂದು ಹೆಸರಿನಲ್ಲಿ ಆ ಗ್ರೂಪಿನಲ್ಲಿದ್ದರು. ಬಿಳಿಕೆರೆಯ ಹುಡುಗನೊಬ್ಬ ಒಂಬತ್ತು ದಿನ, ದಿನಕ್ಕೆ ಮೂರು ಹೊತ್ತು, ಬಾವಿಯ ಹತ್ತಿರ ವೋಲ್ಟೇಜು ಅಳೆದು ಅವರಿಗೆ ಕಳಿಸಿದ್ದನಂತೆ. ನಾನೂರ ಹದಿನೈದು ಇರಬೇಕಾದಲ್ಲಿ ಮುನ್ನೂರ ಅರವತ್ತು ದಾಟಿರಲಿಲ್ಲ. ಕರೆಂಟು ಅಷ್ಟು ಬಡವಾಗಿದ್ದರೆ ಸುತ್ತು ಕಡಿಮೆ ಮಾಡಿ ದಪ್ಪ ತಂತಿ ಹಾಕು ಎಂದು ಹೇಳಿಕೊಟ್ಟವರು ಇವರೇ. ತಮಿಳಿನ ಒಂದಕ್ಷರ ಬಾರದ ಸಿದ್ದರಾಜು ಫೋನಿನಲ್ಲೇ ಅನುವಾದಿಸಿಕೊಂಡು ಕೇಳಿದ್ದ. ನಾನು ಅವರಿಂದ ಆರಡಿ ದೂರದಲ್ಲಿ ಕೂರುತ್ತೇನೆ. ನೀನೂ ಮೈಸೂರು ಕಡೆಯವನೇ ತಾನೆ ತಂಬಿ, ನಿಮ್ಮ ಕಡೆಯ ಕರೆಂಟು ಹೀಗೆಂದು ಒಮ್ಮೆಯೂ ಹೇಳಲಿಲ್ಲವಲ್ಲ ಎಂದರು. ತಂಬಿ ಎಂದರೆ ತಮ್ಮ.

ಸಂಜೆ ಜಗಳಕ್ಕೆಂದೇ ಸಿದ್ದರಾಜುವಿಗೆ ಫೋನು ಮಾಡಿ, ನಮ್ಮ ಮೇಸ್ತ್ರಿಯನ್ನೇ ಹಿಡಿದುಕೊಂಡಿದ್ದೀಯಲ್ಲ ಎಂದೆ.

"ಅವ್ರು ನಿಮ್ಮ ಮೇಸ್ತ್ರೀನಾ? ನಂಗೊತ್ತೇ ಇಲ್ಲ ಬುಡು ಬಾವ," ಎಂದ. ಆಮೇಲೆ ತಾನಾಗಿಯೇ ಹೇಳಿದ: "ಅವ್ರು ಏಳಿದ್ರೂ ನಂಗೆ ಪುಕಪುಕ ಅಂತಿತ್ತು. ಆ ಫೋಟೊ ನೀನು ನೋಡಿರೋದು ಫೋನ್ನಾಗೆ ಕಾಣ್ತು. ತಪ್ಪಿದ್ರೆ ಬಾವ ಬಯ್ದೇ ಬಯ್ತಾನೆ, ಏನೂ ಅಂದಿಲ್ಲ ಅಂದ್ಮೇಲೆ ಸರಿಯಾಗೇ ಐತೆ ಅಂತ ಸ್ವಿಚ್ಚು ಆಕ್ದೆ ಕಣ."

ಬೇಗ ಬಂದುಬಿಡು, ಊರಲ್ಲಿ ಅಂಗಡಿ ಇಟ್ಟು ಇಬ್ಬರೂ ಕೂರೋಣ ಎಂದೂ ಹೇಳಿದ. ಅದೂ ನನಗೆ ಇಷ್ಟವಾಗಲಿಲ್ಲ. ನನ್ನ ಕೈಗೆ ಈ ಊರಿನ ಕರೆಂಟಿನ ಲೆಕ್ಕ ಕೂತಿದೆ. ನನ್ನ ಊರಿನ ಲೆಕ್ಕ ಅವನ ಪುಸ್ತಕದಲ್ಲಿದೆ. ಇಲ್ಲಿ ನಾನು ಮೈಸೂರಿನವನು. ಅಲ್ಲಿಗೆ ಹೋದರೆ ಕೊಯಮತ್ತೂರಿನವನು.

ಆದರೆ ಒಂದು ಮಾತು ಉಳಿದಿದೆ. ಮಳೆ ಹಿಡಿದು ಊರಿನ ಪಂಪುಗಳೆಲ್ಲ ನಿಂತಾಗ ವೋಲ್ಟೇಜು ಏರುತ್ತದೆ. ಬಹಳ ಏರಿದರೆ 47 ಸುತ್ತಿನ ಮೋಟಾರು ಬಿಸಿಯಾಗಿ ಸುಡಬಹುದು. ಸಿದ್ದರಾಜು ಅಳೆದದ್ದು ಬೇಸಿಗೆಯ ಕೊನೆಯಲ್ಲಿ ಮಾತ್ರ. ಇದನ್ನು ಇಂದು ಬೆಳಿಗ್ಗೆ ಗ್ರೂಪಿನಲ್ಲಿ, ಎಲ್ಲರಿಗೂ ಕಾಣುವಂತೆ, ಅವನಿಗೆ ಬರೆದೆ. ಕೆಂಪಣ್ಣನ ಸಸಿಗಾಗಿ ಬರೆದೆನೋ, ನನಗೂ ಒಂದಿಷ್ಟು ಗೊತ್ತೆಂದು ತೋರಿಸಲು ಬರೆದೆನೋ, ಹೇಳಲಾರೆ. ಎಷ್ಟಕ್ಕೆ ಏರುತ್ತದೆಂಬುದು ಇಬ್ಬರಿಗೂ ತಿಳಿಯದು. ಇದನ್ನು ಓದುವವರಲ್ಲಿ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಬಾವಿಗಳಲ್ಲಿ ಮಳೆಗಾಲದ ವೋಲ್ಟೇಜು ಅಳೆದವರು ಯಾರಾದರೂ ಇದ್ದರೆ ಊರು, ದಿನ, ಹೊತ್ತು ಹಾಕಿ ದಯವಿಟ್ಟು ಬರೆಯಿರಿ. ನನಗೆ ಬರೆಯಲು ಮನಸ್ಸಿಲ್ಲದಿದ್ದರೆ ಸಿದ್ದರಾಜುವಿಗೇ ಬರೆಯಿರಿ.