ಬಿದ್ದ ಚೆಂಡು

ಪ್ಲೇಗು ಬಂದು ಹೋದ ಮರುವರ್ಷ. ನಾನು ಕಲಬುರ್ಗಿಯಲ್ಲಿ ಕಸರತ್ತಿನ ಮಾಸ್ತರ. ಸುತ್ತಲಿನ ಶಾಲೆಗಳ ಸಣ್ಣ ಮಕ್ಕಳಿಗೂ ಚೆಂಡು ಒದೆಯುವುದನ್ನು ಕಲಿಸಬೇಕೆಂದು ಮೇಲಿನ ಸಾಹೇಬರ ಹುಕುಂ ಆಯಿತು. ಚರ್ಮದ ಚೆಂಡೊಂದನ್ನು ಚಕ್ಕಡಿಯಲ್ಲಿ ಹಾಕಿಕೊಂಡು ಕಮಲಾಪುರದ ಶಾಲೆಗೆ ಹೋದೆ.

ಮಕ್ಕಳು ಅಂಗಳದಲ್ಲಿ ಸಾಲಾಗಿ ನಿಂತರು. ನಡುನಡುವೆ ಜಾಗ ಖಾಲಿ ಇತ್ತು; ಕೂಡಿ ನಿಲ್ಲಿರೆಂದರೂ ಸರಿಯಲಿಲ್ಲ. ಚೆಂಡನ್ನು ಮೆಲ್ಲಗೆ ಅವರ ಕಡೆ ಉರುಳಿಸಿದೆ. ಅದು ಉರುಳಿ ನಿಂತದ್ದೇ ತಡ, ಇಡೀ ಸಾಲು ಹಿಂದೆ ಸರಿಯಿತು.

“ಯಾಕ್ರೋ ಅಂಜ್ತೀರಿ? ಒದೀರಿ!” ಎಂದು ಗದರಿದೆ. ಗದರುವುದೊಂದೇ ನನಗೆ ಚೆನ್ನಾಗಿ ಬರುತ್ತಿದ್ದ ವಿದ್ಯೆ.

“ನೆಲದ ಮ್ಯಾಲ ಬಿದ್ದದ್ದು ಮುಟ್ಟಬಾರ್ದ್ರೀ. ದೊಡ್ಡವರಿಗೆ ಕರೀಬೇಕ್ರೀ,” ಎಂದ ಒಬ್ಬ ಹುಡುಗ.

ಮನೆಮನೆಯಲ್ಲೂ ಇಲಿ ಸತ್ತು ಬೀಳುತ್ತಿದ್ದ ದಿನಗಳಲ್ಲಿ ತಾಯಂದಿರು ಕಲಿಸಿದ ಪಾಠ ಅದು. ನನಗೆ ಹೊಳೆಯಲು ತುಸು ಹೊತ್ತು ಹಿಡಿಯಿತು.

“ಇದು ಸತ್ತ ಇಲಿ ಅಲ್ಲೋ, ಚೆಂಡು. ಕಾಲಿಲೆ ಒದ್ರ ಏನೂ ಆಗಂಗಿಲ್ಲ.”

“ನಮ್ಮಣ್ಣನೂ ಕಾಲಿಲೇ ಒದ್ದಿದ್ದನ್ರೀ.”

ಅಣ್ಣ ಎಲ್ಲಿ ಎಂದು ಕೇಳಬಾರದಿತ್ತು. ಕೇಳಿಬಿಟ್ಟೆ. ಹುಡುಗ ತನ್ನ ಪಕ್ಕದ ಖಾಲಿ ಜಾಗದ ಕಡೆ ನೋಡಿದ.

ಮತ್ತೆ ಯಾರಿಗೂ ಒದೆಯಿರೆನ್ನಲಿಲ್ಲ. ಹಾಗಂತ ಸುಮ್ಮನೆ ವಾಪಸು ಹೋಗುವಂತೆಯೂ ಇರಲಿಲ್ಲ. ಗಂಟೆ ಬಾರಿಸುವ ತನಕ ನಾನೇ ಒದ್ದೆ, ನಾನೇ ಓಡಿ ತಂದೆ. ಮಕ್ಕಳು ದೂರ ನಿಂತು ನನ್ನ ಕಾಲನ್ನೇ ನೋಡುತ್ತಿದ್ದರು.

ಕಮಲಾಪುರದಲ್ಲಿ ಕಸರತ್ತು ಚೆನ್ನಾಗಿ ಆಯಿತೆಂದು ಸಾಹೇಬರಿಗೆ ಬರೆದು ಕೊಟ್ಟೆ. ಯಾರಿಗೆ ಆಯಿತೆಂದು ಅವರು ಕೇಳಲಿಲ್ಲ.